ಕಡಲ ಪಂಜರದಲ್ಲೂ ಮೀನಿಗೆ ಉಸಿರು ಕಟ್ಟುತ್ತದೆ

ಮಾನ್ಯ ಸಂಪಾದಕರೆ,

ಕರಾವಳಿಯಲ್ಲಿ ಪಂಜರ ಮೀನು ಕೃಷಿಯ, ಅಂದರೆ ನೀರಿಗೆ ಇಳಿಬಿಟ್ಟ ಬಲೆಯ ಪಂಜರದೊಳಗೆ ಮೀನು ಸಾಕುವುದರ, ಪ್ರಸ್ತಾಪ ಬಂದಾಗಲೆಲ್ಲ ಒಂದು ಭರವಸೆಯ ಮಾತು ಕೇಳಿಬರುತ್ತದೆ: ಕೆರೆ, ಹೊಂಡಗಳಲ್ಲಿ ಸಾಕಿದರೆ ನೀರಿಗೆ ಗಾಳಿ ಬೆರೆಸುವ ಏರೇಟರ್ ಬೇಕು, ಕಡಲಲ್ಲಿ ಆ ತಾಪತ್ರಯವಿಲ್ಲ, ಅಲೆಯೂ ಉಬ್ಬರವಿಳಿತವೂ ಸೇರಿ ಆಮ್ಲಜನಕವನ್ನು ಪುಕ್ಕಟೆ ಒದಗಿಸುತ್ತವೆ. ಈ ಮಾತು ನಂಬಿ ಸಾಲ ಮಾಡಿ ಪಂಜರ ಇಳಿಸುವವರಿಗೆ ಅದರ ಇನ್ನರ್ಧವನ್ನೂ ಹೇಳಬೇಕು. ಕಡಲ ಪಂಜರದಲ್ಲಿ ಆಮ್ಲಜನಕ ಇಳಿಯುವುದು ಎಂದೋ ಒಮ್ಮೆ ಆಗುವ ಅವಘಡವಲ್ಲ. ನೀರು ನಿಂತಾಗಲೆಲ್ಲ ಅದು ಇಳಿಯುತ್ತದೆ, ಎಷ್ಟು ಇಳಿಯುತ್ತದೆಂದು ಮೊದಲೇ ಲೆಕ್ಕ ಹಾಕಬಹುದು. ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತವರು ತಣ್ಣೀರಿನ ಮೀನಾದ ಸಾಲ್ಮನ್ ಸಾಕುವವರು. 1970ರ ಸುಮಾರಿಗೆ ನಾರ್ವೆಯಲ್ಲಿ ನೆಲೆ ಕಂಡ ಈ ಕೃಷಿ ಇಂದು ಚಿಲಿ, ಸ್ಕಾಟ್ಲೆಂಡ್, ಕೆನಡಾ, ಟ್ಯಾಸ್ಮೇನಿಯಾಗಳಲ್ಲೂ ಇದೆ. ಅವರ ನೀರು ನಮ್ಮದಕ್ಕಿಂತ ತಣ್ಣಗಿರುವುದರಿಂದ ಹೆಚ್ಚು ಆಮ್ಲಜನಕ ಹಿಡಿದಿಡುತ್ತದೆ. ಆದರೂ ಅಲ್ಲಿ ಮೀನು ಉಸಿರುಗಟ್ಟಿ ಸಾಯುತ್ತವೆ.

ಮೊದಲು ಲೆಕ್ಕ. 35 ಪಿಪಿಟಿ (ಸಾವಿರಕ್ಕೆ 35 ಪಾಲು) ಲವಣದ ಸಮುದ್ರದ ನೀರು ಗಾಳಿಯೊಂದಿಗೆ ಸಮತೋಲದಲ್ಲಿದ್ದಾಗ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 15 ಡಿಗ್ರಿಯಲ್ಲಿ 8.1, 20ರಲ್ಲಿ 7.4, ನಮ್ಮ ಕರಾವಳಿಯ 30 ಡಿಗ್ರಿಯಲ್ಲಿ 6.2 ಮಾತ್ರ. ಆಯಾ ಉಷ್ಣತೆಯ ಈ ಗರಿಷ್ಠ ಮಟ್ಟವನ್ನೇ ಶೇ 100 ಪರ್ಯಾಪ್ತತೆ ಎನ್ನುತ್ತಾರೆ. ನಾರ್ವೆಯಲ್ಲಿ ಈಗ ಸಾಮಾನ್ಯವಾಗಿರುವ ದೊಡ್ಡ ಪಂಜರದ ಸುತ್ತಳತೆ 157 ಮೀಟರ್, ಅಂದರೆ 50 ಮೀಟರ್ ವ್ಯಾಸ. ಬಲೆಯ ಆಳವನ್ನು 15 ಮೀಟರ್ ಎಂದಿಟ್ಟರೆ ಸುಮಾರು 29,000 ಘನ ಮೀಟರ್ ನೀರು. ಅಲ್ಲಿನ ಕಾನೂನು ಘನ ಮೀಟರಿಗೆ 25 ಕಿಲೋ ಮೀನಿನವರೆಗೆ, ಒಂದು ಪಂಜರಕ್ಕೆ 2 ಲಕ್ಷ ಮೀನಿನವರೆಗೆ ಅವಕಾಶ ಕೊಡುತ್ತದೆ. ನಾವು ಘನ ಮೀಟರಿಗೆ 15 ಕಿಲೋ ಎಂದೇ ಹಿಡಿಯೋಣ. ಮೇವು ತಿನ್ನುತ್ತಿರುವ ಸಾಲ್ಮನ್ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3 ಮಿಲಿಗ್ರಾಂ ಆಮ್ಲಜನಕ ಬಳಸುತ್ತದೆ. ಹಾಗಾದರೆ ಪ್ರತಿ ಘನ ಮೀಟರ್ ನೀರಿನಿಂದ ನಿಮಿಷಕ್ಕೆ 45 ಮಿಲಿಗ್ರಾಂ, ಗಂಟೆಗೆ 2,700 ಮಿಲಿಗ್ರಾಂ ಖರ್ಚಾಗುತ್ತದೆ. ಲೀಟರ್ ಲೆಕ್ಕದಲ್ಲಿ ಗಂಟೆಗೆ 2.7 ಮಿಲಿಗ್ರಾಂ. ಹೊಸ ನೀರು ಬರದಿದ್ದರೆ 9 ಇದ್ದದ್ದು ಒಂದೇ ಗಂಟೆಯಲ್ಲಿ 6.3ಕ್ಕೆ, ಅಂದರೆ ಶೇ 70ಕ್ಕೆ ಬಂದು ನಿಲ್ಲುತ್ತದೆ.

ಇನ್ನು ಹರಿವು. ಸೆಕೆಂಡಿಗೆ 10 ಸೆಂಟಿಮೀಟರ್ ವೇಗದ ನೀರು 50 ಮೀಟರ್ ಪಂಜರವನ್ನು ದಾಟಲು ಎಂಟು ನಿಮಿಷ ಸಾಕು. ಅಷ್ಟರಲ್ಲಿ ಕಡಿಮೆಯಾಗುವುದು ಲೀಟರಿಗೆ 0.4 ಮಿಲಿಗ್ರಾಂ, ಲೆಕ್ಕಕ್ಕೇ ಇಲ್ಲ. ಅದೇ ಹರಿವು 2 ಸೆಂಟಿಮೀಟರಿಗೆ ಇಳಿದರೆ ದಾಟಲು ನಲವತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ, ನೀರು ಹೊರಬೀಳುವ ಬದಿಯಲ್ಲಿ ಸುಮಾರು 1.9 ಮಿಲಿಗ್ರಾಂ ಕೊರತೆ. ಉಬ್ಬರ ಮುಗಿದು ಇಳಿತ, ಇಳಿತ ಮುಗಿದು ಉಬ್ಬರ ಆರಂಭವಾಗುವ ನಡುವೆ ನೀರು ನಿಲ್ಲುವ ಹೊತ್ತು ದಿನಕ್ಕೆ ನಾಲ್ಕು ಸಲ ಬರುತ್ತದೆ. ಅದರ ಮೇಲೆ ಬಲೆಯೇ ಹರಿವನ್ನು ತಡೆಯುತ್ತದೆ, ವೃತ್ತಾಕಾರವಾಗಿ ಈಜುವ ಮೀನಿನ ಗುಂಪು ನೀರನ್ನು ಬದಿಗೆ ತಳ್ಳುತ್ತದೆ. ಹೀಗಾಗಿ ಹೊರಗೆ ಅಳೆದ ಹರಿವು ಪಂಜರದ ನಡುವೆ ಇರುವುದಿಲ್ಲ.

ಈ ಲೆಕ್ಕದಲ್ಲೂ ಒಂದು ಮೋಸವಿದೆ. ಮೀನು ಪಂಜರದ ತುಂಬ ಸಮನಾಗಿ ಹರಡಿಕೊಂಡಿರುವುದಿಲ್ಲ. ತನಗೆ ಹಿತವಾದ ಉಷ್ಣತೆಯ ಪದರ ಹುಡುಕಿಕೊಂಡು ಅಲ್ಲೇ ಒತ್ತೊತ್ತಾಗಿ ಸೇರುತ್ತದೆ. ಕಾಗದದ ಮೇಲೆ ಘನ ಮೀಟರಿಗೆ 15 ಕಿಲೋ ಇದ್ದರೂ ಆ ಪದರದಲ್ಲಿ ಅದರ ಹಲವು ಪಟ್ಟು ಇರುತ್ತದೆ. ಬೇಸಿಗೆಯಲ್ಲಿ ಮೇಲ್ಪದರ ಕಾದಾಗ ಮೀನು ಬಲೆಯ ತಳಕ್ಕೆ ಇಳಿಯುತ್ತದೆ. ಅಲ್ಲಿ ತಂಪಿದೆ, ಆಮ್ಲಜನಕ ಸಾಲದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣ ತೀರದಲ್ಲಿ 2019ರಲ್ಲಿ ಸುಮಾರು 26 ಲಕ್ಷ ಸಾಲ್ಮನ್ ಸತ್ತದ್ದು ದೀರ್ಘಕಾಲ ನೀರು ಬಿಸಿಯಾಗಿಯೇ ಉಳಿದು, ಆಮ್ಲಜನಕವೂ ತಗ್ಗಿದ್ದ ಇಂಥ ಸನ್ನಿವೇಶದಲ್ಲಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಮೀನಿನ ಬೇಡಿಕೆ ಹೆಚ್ಚು. ಎರಡೂ ಒಟ್ಟಿಗೇ ಬರುತ್ತವೆ ಎಂಬುದೇ ಈ ಸಮಸ್ಯೆಯ ತಿರುಳು.

ಎಷ್ಟಿದ್ದರೆ ಸಾಕು? ಇದಕ್ಕೆ ಒಂದೇ ಅಂಕಿ ಹೇಳುವವರನ್ನು ನಂಬಬಾರದು. ನಾರ್ವೆಯ ಪ್ರಯೋಗಗಳ ಪ್ರಕಾರ ಸಾಲ್ಮನ್ ಹೊಟ್ಟೆ ತುಂಬ ಮೇಯಲು 7 ಡಿಗ್ರಿಯಲ್ಲಿ ಸುಮಾರು ಶೇ 42 ಪರ್ಯಾಪ್ತತೆ ಸಾಕು, 11 ಡಿಗ್ರಿಯಲ್ಲಿ ಶೇ 53, 15ರಲ್ಲಿ ಶೇ 66, 19ರಲ್ಲಿ ಶೇ 76 ಬೇಕು. ಅದಕ್ಕಿಂತ ಕೆಳಗೆ ಮೀನು ಸಾಯುವುದಿಲ್ಲ, ಮೇವು ಬಿಡುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ರೋಗಕ್ಕೆ ಸುಲಭವಾಗಿ ಸಿಕ್ಕುತ್ತದೆ. ಉಸಿರಾಟವನ್ನೇ ನಿಭಾಯಿಸಲಾಗದ ಅಂಚು 7 ಡಿಗ್ರಿಯಲ್ಲಿ ಶೇ 24ರ ಸುಮಾರು, 19 ಡಿಗ್ರಿಯಲ್ಲಿ ಶೇ 40ರ ಸುಮಾರು. ಇವು ಆರೋಗ್ಯವಂತ ಮೀನಿನ ಅಂಕಿಗಳು. ಅಮೀಬಾ ತಗುಲಿ ಕಿವಿರಿನ ಮೇಲೆ ಲೋಳೆ ಕಟ್ಟಿದ್ದರೆ ಅಥವಾ ಪಾಚಿಯ ಸ್ಫೋಟದಿಂದ ಕಿವಿರು ಘಾಸಿಗೊಂಡಿದ್ದರೆ ಅದೇ ಮೀನು ಇನ್ನೂ ಮೇಲಿನ ಮಟ್ಟದಲ್ಲೇ ಸಾಯುತ್ತದೆ. ಸತ್ತ ಮೀನು ಬಾಯಿ ತೆರೆದು, ಕಿವಿರು ಮುಚ್ಚಳ ಅಗಲಿಸಿಕೊಂಡು ಬಿದ್ದಿದ್ದರೆ ಮೊದಲು ಸಂಶಯಪಡಬೇಕಾದ್ದು ಆಮ್ಲಜನಕವನ್ನು.

ಸಾಲ್ಮನ್ ಉದ್ಯಮ ಒಂದು ರೋಗಕ್ಕೆ ಮದ್ದು ಹುಡುಕಲು ಹೋಗಿ ಇನ್ನೊಂದನ್ನು ಬರಮಾಡಿಕೊಂಡ ಉದಾಹರಣೆಯೂ ಇದೆ. ಮೀನಿನ ಮೈಗೆ ಅಂಟಿ ಬದುಕುವ ಸಾಲ್ಮನ್ ಹೇನಿನ ಮರಿಗಳು ಹೆಚ್ಚಾಗಿ ಮೇಲ್ಪದರದ ನೀರಿನಲ್ಲೇ ತೇಲುತ್ತವೆ. ಅವು ಒಳಬಾರದಂತೆ ಪಂಜರದ ಸುತ್ತ ಮೇಲಿನ 5ರಿಂದ 10 ಮೀಟರ್ ಆಳದವರೆಗೆ ಟಾರ್ಪಾಲಿನ್ ಪರದೆ ಕಟ್ಟುತ್ತಾರೆ. ಹೇನು ಕಡಿಮೆಯಾಗುತ್ತದೆ, ನಿಜ. ಪರದೆಯೊಳಗಿನ ನೀರು ಬದಲಾಗುವುದೂ ಕಡಿಮೆಯಾಗುತ್ತದೆ. ಪರದೆ ಕಟ್ಟಿದ ಪಂಜರಕ್ಕೆ ಒಳಗೇ ಮಾಪಕ ಇರಲೇಬೇಕು, ಪರದೆಯನ್ನು ಬೇಗನೆ ಎತ್ತಿ ಕಟ್ಟುವ ಹಗ್ಗದ ವ್ಯವಸ್ಥೆಯೂ ಇರಬೇಕು. ಹೇನು ತೆಗೆಯಲೆಂದು ಮೀನನ್ನು ಬಲೆಯ ಒಂದು ಮೂಲೆಗೆ ಒತ್ತುವ ಕೆಲಸ ಇನ್ನೂ ಅಪಾಯಕಾರಿ. ಘನ ಮೀಟರಿಗೆ 100 ಕಿಲೋ ಆಗುವಷ್ಟು ಒತ್ತಿದರೆ, ಗಾಬರಿಗೊಂಡ ಮೀನು ಕಿಲೋಗೆ ನಿಮಿಷಕ್ಕೆ 5 ಮಿಲಿಗ್ರಾಂ ಬಳಸಿದರೆ, ಲೀಟರಿಗೆ ನಿಮಿಷಕ್ಕೆ ಅರ್ಧ ಮಿಲಿಗ್ರಾಂ ಖಾಲಿ. ಆರು ನಿಮಿಷದಲ್ಲಿ 3 ಮಿಲಿಗ್ರಾಂ ಹೋಯಿತು. ಹೀಗೆ ಒತ್ತುವ ಮುಂಚೆಯೇ ಆಮ್ಲಜನಕದ ಕೊಳವೆ ಇಳಿಸಿ ಚಾಲೂ ಮಾಡಿರಬೇಕು. ಮಟ್ಟ ಇಳಿಯಲಾರಂಭಿಸಿದ ಮೇಲೆ ಅದನ್ನು ಹುಡುಕಿಕೊಂಡು ಹೋದರೆ ಫಲವಿಲ್ಲ.

ಬಲೆಯ ಕಣ್ಣು ಕಟ್ಟಿಕೊಳ್ಳುವುದು ಇನ್ನೊಂದು ಮುಖ್ಯ ಕಾರಣ. ಪಾಚಿ, ಪಚ್ಚಿಲೆ ಮರಿ, ನಾರ್ವೆಯಲ್ಲಿ ಹೆಚ್ಚಾಗಿ ಎಕ್ಟೋಪ್ಲೂರಾ ಎಂಬ ಹೈಡ್ರಾಯ್ಡ್ (ಗಿಡದಂತೆ ಅಂಟಿ ಬೆಳೆಯುವ ಸಣ್ಣ ಕಡಲ ಜೀವಿ) ಬಲೆಗೆ ಹತ್ತಿಕೊಂಡು ಹರಿವನ್ನು ತಡೆಯುತ್ತವೆ, ತಾವೂ ಉಸಿರಾಡುತ್ತವೆ. ಬೇಸಿಗೆಯಲ್ಲಿ ಅಲ್ಲಿ ಒಂದೆರಡು ವಾರಕ್ಕೊಮ್ಮೆ ನೀರಿನೊಳಗೇ ಒತ್ತಡದ ಯಂತ್ರದಿಂದ ಬಲೆ ತೊಳೆಯುತ್ತಾರೆ. ತಡ ಮಾಡಿ ದಪ್ಪ ಪದರವನ್ನು ಒಮ್ಮೆಲೇ ತೊಳೆದರೆ ಕತ್ತರಿಸಿದ ಹೈಡ್ರಾಯ್ಡ್ ಚೂರುಗಳು ಮೀನಿನ ಕಿವಿರಿಗೆ ಚುಚ್ಚಿ ಗಾಯ ಮಾಡುತ್ತವೆ, ಆಗ ಉಸಿರಾಟಕ್ಕೆ ಇನ್ನೊಂದು ಪೆಟ್ಟು. ಆದ್ದರಿಂದ ತೆಳುವಾಗಿರುವಾಗಲೇ, ಹರಿವು ಚೆನ್ನಾಗಿರುವ ಹೊತ್ತಿನಲ್ಲಿ, ಕೊಳೆ ಪಕ್ಕದ ಪಂಜರಕ್ಕೆ ಹೋಗದ ದಿಕ್ಕು ನೋಡಿ ತೊಳೆಯಬೇಕು.

ನಮ್ಮ ಮುಖ್ಯ ಆಗ್ರಹ ಅಳತೆಯ ಬಗ್ಗೆ. ದೋಣಿಯಲ್ಲಿ ನಿಂತು, ಬೆಳಿಗ್ಗೆ ಹತ್ತು ಗಂಟೆಗೆ, ಪಂಜರದ ಹೊರಗೆ, ಅರ್ಧ ಮೀಟರ್ ಆಳದಲ್ಲಿ ಅಳೆದ ಅಂಕಿ ಮೀನಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಾಪಕವನ್ನು ಪಂಜರದ ಒಳಗೆ, ನೀರು ಹೊರಬೀಳುವ ಬದಿಗೆ, ಮೀನು ನಿಂತಿರುವ ಆಳದಲ್ಲಿ ಇಡಬೇಕು. ಒಂದೇ ಆಳ ಸಾಲದು. 2, 5, 10, 15 ಮೀಟರಿನಲ್ಲಿ ನೋಡಿದಾಗಲೇ ಪದರಗಳ ಚಿತ್ರ ಸಿಗುತ್ತದೆ. ಜೊತೆಗೆ ನೀರು ಬರುವ ದಿಕ್ಕಿನಲ್ಲಿ, ಪಂಜರದಿಂದ ದೂರದಲ್ಲಿ ಹೋಲಿಕೆಗೆಂದು ಇನ್ನೊಂದು ಮಾಪಕ ಬೇಕು. ಇದು ಅನಗತ್ಯ ಖರ್ಚಲ್ಲ. ಹೊರಗೆ ಶೇ 95, ಒಳಗೆ ಶೇ 60 ಇದ್ದರೆ ತಪ್ಪು ನಮ್ಮ ಪಂಜರದ್ದು: ಬಲೆ ಕಟ್ಟಿದೆ, ಮೀನು ಹೆಚ್ಚಿದೆ ಅಥವಾ ಹರಿವು ನಿಂತಿದೆ. ಹೊರಗೂ ಶೇ 60 ಇದ್ದರೆ ಬಂದ ನೀರೇ ಆಮ್ಲಜನಕ ಕಡಿಮೆಯಿರುವ ಬಡಕಲು ನೀರು. ಆಗ ಬಲೆ ತೊಳೆದು ಪ್ರಯೋಜನವಿಲ್ಲ. ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ.

ಹೊತ್ತು ಕೂಡ ಮುಖ್ಯ. ನೀರಿನಲ್ಲಿರುವ ಸೂಕ್ಷ್ಮ ಪಾಚಿ ಹಗಲಿಡೀ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೂ ಬಳಸುತ್ತದೆ. ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಮಟ್ಟ ಅತ್ಯಂತ ಕೆಳಗಿರುತ್ತದೆ. ಆ ಹೊತ್ತಿಗೇ ಹರಿವೂ ನಿಂತರೆ ಅದು ಆ ದಿನದ ಅತ್ಯಂತ ಕೆಟ್ಟ ಗಳಿಗೆ. ಉಬ್ಬರವಿಳಿತದ ಪಟ್ಟಿ ನೋಡಿ ಇಂಥ ದಿನಗಳನ್ನು ಒಂದು ವಾರ ಮೊದಲೇ ಗುರುತಿಸಿಟ್ಟುಕೊಳ್ಳಬಹುದು.

ಸಾಲ್ಮನ್ ಕೃಷಿಗೆ ಪ್ರಮಾಣಪತ್ರ ಕೊಡುವ ಎಎಸ್‌ಸಿ ಮಾನದಂಡ ದಿನಕ್ಕೆ ಎರಡು ಸಲ, 5 ಮೀಟರ್ ಆಳದಲ್ಲಿ ಅಳೆದು, ವಾರದ ಸರಾಸರಿ ಶೇ 70ಕ್ಕಿಂತ ಕೆಳಗಿಳಿಯಬಾರದು ಎನ್ನುತ್ತದೆ. ಏನೂ ಇಲ್ಲದಿದ್ದಕ್ಕಿಂತ ಇದು ವಾಸಿ. ಆದರೆ ಮೀನು ಸರಾಸರಿಯನ್ನು ಉಸಿರಾಡುವುದಿಲ್ಲ. ವಾರವೆಲ್ಲ ಶೇ 85 ಇದ್ದು, ನಾಲ್ಕು ರಾತ್ರಿ ನಲವತ್ತು ನಿಮಿಷ ಶೇ 35ಕ್ಕೆ ಇಳಿದಿದ್ದರೂ ಸರಾಸರಿ ಸೊಗಸಾಗಿಯೇ ಕಾಣುತ್ತದೆ. ಹತ್ತು ನಿಮಿಷಕ್ಕೊಮ್ಮೆ ತಾನೇ ದಾಖಲಿಸುವ ಮಾಪಕ ಮಾತ್ರ ಆ ಕುಸಿತವನ್ನು ಹಿಡಿಯುತ್ತದೆ. ಮಾನದಂಡ ಬರೆಯುವವರು ವಾರದ ಕನಿಷ್ಠ ಮಟ್ಟವನ್ನೂ, ಅದು ಎಷ್ಟು ಹೊತ್ತು ಉಳಿಯಿತು ಎಂಬುದನ್ನೂ ಕೇಳಬೇಕು.

ಮಾಪಕವೇ ಸುಳ್ಳು ಹೇಳುವ ಸಂದರ್ಭಗಳೂ ಉಂಟು. ಅತಿ ಸಾಮಾನ್ಯ ತಪ್ಪು ಲವಣಾಂಶದ್ದು. ಕೈಯಲ್ಲಿ ಹಿಡಿಯುವ ಮೀಟರ್ ಮೂಲತಃ ಅಳೆಯುವುದು ಆಮ್ಲಜನಕದ ಒತ್ತಡವನ್ನು. ಅದನ್ನು ಮಿಲಿಗ್ರಾಂಗೆ ಪರಿವರ್ತಿಸುವಾಗ ನಾವು ಕೊಟ್ಟ ಲವಣಾಂಶವನ್ನು ಬಳಸುತ್ತದೆ. ಅಲ್ಲಿ ಸೊನ್ನೆ ಎಂದೇ ಬಿಟ್ಟಿದ್ದರೆ 30 ಡಿಗ್ರಿಯ ಸಮುದ್ರದ ನೀರಿನಲ್ಲಿ ನಿಜವಾಗಿ 6.2 ಇರುವಾಗ 7.5 ಎಂದು ತೋರಿಸುತ್ತದೆ. ಐದನೇ ಒಂದು ಭಾಗಕ್ಕೂ ಹೆಚ್ಚು ಸುಳ್ಳು, ಅದೂ ಅಪಾಯದ ಕಡೆಗೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆಯಲ್ಲಿ ಲವಣಾಂಶ ದಿನದೊಳಗೇ ಬದಲಾಗುವುದರಿಂದ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ ಪ್ರತಿ ಸಲ ಸರಿಪಡಿಸಬೇಕು. ಅದಾಗದಿದ್ದರೆ ಶೇಕಡಾ ಪರ್ಯಾಪ್ತತೆಯನ್ನೇ ಬರೆದಿಟ್ಟುಕೊಳ್ಳುವುದು ಕ್ಷೇಮ, ಅದು ಲವಣಾಂಶದಿಂದ ಕೆಡುವುದಿಲ್ಲ. ಮೀಟರನ್ನು ಹೊಂದಿಸಲು ಮುಚ್ಚಳದೊಳಗೆ ಒದ್ದೆ ಸ್ಪಂಜ್ ಇಟ್ಟು, ನೆರಳಿನಲ್ಲಿ ಹತ್ತು ನಿಮಿಷ ಬಿಟ್ಟು, ಆ ತೇವದ ಗಾಳಿಯಲ್ಲಿ ಶೇ 100ಕ್ಕೆ ನಿಲ್ಲಿಸಬೇಕು. ಬಿಸಿಲಲ್ಲಿ ಹೊಂದಿಸಿದರೆ ಉಷ್ಣತೆ ಸ್ಥಿರವಾಗದೆ ಅಂಕಿ ತಪ್ಪುತ್ತದೆ. ಸೊನ್ನೆ ಪರೀಕ್ಷೆಗೆ ಒಂದು ಲೀಟರ್ ನೀರಿಗೆ 20ರಿಂದ 50 ಗ್ರಾಂ ಸೋಡಿಯಂ ಸಲ್ಫೈಟ್ ಕದಡಿ ಅದರಲ್ಲಿ ಮಾಪಕ ಅದ್ದಿ ನೋಡಬೇಕು, ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಪೊರೆ ಇರುವ ಹಳೆಯ ಬಗೆಯ ಮಾಪಕ ತಾನೇ ಆಮ್ಲಜನಕವನ್ನು ಬಳಸುವುದರಿಂದ ನಿಂತ ನೀರಿನಲ್ಲಿ ಅದನ್ನು ಅಲ್ಲಾಡಿಸುತ್ತಿರಬೇಕು, ಇಲ್ಲದಿದ್ದರೆ ಕಡಿಮೆ ತೋರಿಸುತ್ತದೆ. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಮಾಪಕಕ್ಕೆ ಆ ಕಾಟವಿಲ್ಲ. ಅದರ ಮುಖಕ್ಕೆ ಲೋಳೆ ಹಿಡಿದರೆ ಮಾತ್ರ ಅಳೆಯುವುದು ಲೋಳೆಯೊಳಗಿನ ಆಮ್ಲಜನಕವನ್ನೇ ಹೊರತು ನೀರಿನದ್ದಲ್ಲ. ಬಿಸಿ ನೀರಿನಲ್ಲಿ ವಾರಕ್ಕೊಮ್ಮೆಯಾದರೂ ಮೆತ್ತನೆ ಬಟ್ಟೆಯಿಂದ ಒರೆಸಬೇಕು.

ಮಟ್ಟ ಇಳಿದಾಗ ಮೊದಲು ಮಾಡಬೇಕಾದ್ದು, ಖರ್ಚೇ ಇಲ್ಲದ್ದು: ಮೇವು ನಿಲ್ಲಿಸುವುದು. ತಿಂದದ್ದನ್ನು ಅರಗಿಸಲು ಆಮ್ಲಜನಕ ಬೇಕು, ಆ ಹೆಚ್ಚುವರಿ ಬೇಡಿಕೆ ಗಂಟೆಗಟ್ಟಲೆ ಮುಂದುವರಿಯುತ್ತದೆ. ನೀರು ನಿಲ್ಲುವ ಮುನ್ನಾ ಗಂಟೆಗಳಲ್ಲಿ ಹೊಟ್ಟೆ ತುಂಬ ಮೇವು ಹಾಕುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ನೀರು ನಿಂತು ಮತ್ತೆ ಹರಿಯಲಾರಂಭಿಸಿ, ಒಳಗಿನ ಮಟ್ಟ ಏರಿದ ಮೇಲೆ ಹಾಕಬೇಕು. 15 ಡಿಗ್ರಿಯ ಆಸುಪಾಸಿನಲ್ಲಿ ಶೇ 80ರ ಮೇಲೆ ಪೂರ್ತಿ ಮೇವು, 70ರಿಂದ 80ರ ನಡುವೆ ಅರ್ಧ, ಅದಕ್ಕಿಂತ ಕೆಳಗೆ ಏನೂ ಇಲ್ಲ ಎಂಬುದು ನಾವು ಒಪ್ಪುವ ಪದ್ಧತಿ. ಆ ಹೊತ್ತಿನಲ್ಲಿ ಹೇನು ಎಣಿಕೆ, ವರ್ಗೀಕರಣ, ಸಾಗಣೆ ಯಾವುದೂ ಬೇಡ. ಹೆದರಿದ ಮೀನಿಗೆ ಆಮ್ಲಜನಕ ದುಪ್ಪಟ್ಟು ಬೇಕು.

ಆಮ್ಲಜನಕವನ್ನು ಹೊರಗಿನಿಂದ ಕೊಡುವ ಮಾತಿಗೆ ಬಂದರೆ, ಅದರ ಪ್ರಮಾಣ ತಿಳಿದಿರಬೇಕು. ಮೇಲೆ ಹೇಳಿದ ಪಂಜರದಲ್ಲಿ ಸುಮಾರು 440 ಟನ್ ಮೀನಿದೆ. ಅದರ ಉಸಿರಿಗೆ ಗಂಟೆಗೆ ಸುಮಾರು 80 ಕಿಲೋ ಶುದ್ಧ ಆಮ್ಲಜನಕ ಬೇಕು. ರಂಧ್ರಕೊಳವೆಯಿಂದ ಬಿಟ್ಟ ಗುಳ್ಳೆಗಳಲ್ಲಿ ಮೂರನೇ ಒಂದು ಭಾಗ ಕರಗಿತೆಂದರೆ 240 ಕಿಲೋ ಬಿಡಬೇಕಾಗುತ್ತದೆ. ಇಡೀ ಬೇಡಿಕೆಯನ್ನು ಸಿಲಿಂಡರಿನಿಂದ ಪೂರೈಸುತ್ತೇವೆ ಎಂಬುದು ಆಗದ ಮಾತು. ಕೊರತೆ ಬೀಳುವ ಒಂದೆರಡು ಗಂಟೆಯ ಅಂತರವನ್ನಷ್ಟೇ ತುಂಬಲು ಸಾಧ್ಯ. ಗುಳ್ಳೆ ಸಣ್ಣದಿದ್ದಷ್ಟೂ, ಕೊಳವೆ ಆಳದಲ್ಲಿದ್ದಷ್ಟೂ ಹೆಚ್ಚು ಕರಗುತ್ತದೆ. ಬರೀ ಗಾಳಿಯನ್ನು ತೀರಾ ಆಳದಲ್ಲಿ ಬಿಟ್ಟರೆ ಸಾರಜನಕವೂ ಮಿತಿ ಮೀರಿ ಕರಗಿ ಮೀನಿನ ರಕ್ತದಲ್ಲಿ ಗುಳ್ಳೆ ಏಳುವ ಅಪಾಯವಿದೆ.

ಕಂಪ್ರೆಸರ್ ಗಾಳಿಯಿಂದ ಕೆಳಗಿನ ನೀರನ್ನು ಮೇಲೆತ್ತುವ ವಿಧಾನ ಅಗ್ಗ. ನಾರ್ವೆಯಲ್ಲಿ ಬೆಟ್ಟಗಳ ನಡುವೆ ಒಳಚಾಚಿದ ಕಡಲ ಕವಲುಗಳಾದ ಕೆಲವು ಫ್ಯೋರ್ಡ್‌ಗಳಲ್ಲಿ ಅದು ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಪಂಜರದ ಕೆಳಗಿನ ನೀರು ತಂಪಾಗಿದ್ದು ಆಮ್ಲಜನಕ ತುಂಬಿರುತ್ತದೆ. ಎಲ್ಲೆಡೆ ಹಾಗಿರುವುದಿಲ್ಲ. ಟ್ಯಾಸ್ಮೇನಿಯಾದ ಪಶ್ಚಿಮದ ಮಕ್ವಾರಿ ಹಾರ್ಬರ್ ಎಂಬ ಹಿನ್ನೀರನ್ನೇ ನೋಡಿ. ಹೆಲ್ಸ್ ಗೇಟ್ಸ್ ಎಂಬ ಕಿರಿದಾದ, ಆಳವಿಲ್ಲದ ಬಾಯಿಯಿಂದಷ್ಟೇ ಅದಕ್ಕೆ ಸಾಗರದ ಸಂಪರ್ಕ. ಗಾರ್ಡನ್ ನದಿಯ ಕಂದು ಬಣ್ಣದ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ. ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಆಳದ ನೀರು ಹೊಸದಾಗುವುದು ಸಾಗರದ ನೀರು ಆಗೊಮ್ಮೆ ಈಗೊಮ್ಮೆ ಒಳನುಗ್ಗಿದಾಗ ಮಾತ್ರ. 2009ರ ನಂತರ ಅಲ್ಲಿನ ಆಳದ ಆಮ್ಲಜನಕ ಕುಸಿಯುತ್ತ ಹೋಯಿತು. ಉಳಿದ ಮೇವು, ಹಿಕ್ಕೆ ಕೊಳೆಯುವುದೂ ಅದನ್ನು ಹೀರಿತು. ಅಷ್ಟರಲ್ಲಿ ಸಾಲ್ಮನ್ ಪ್ರಮಾಣ ಏರಿತ್ತು. 20,000 ಟನ್ ಮೀರಿದ್ದ ಮಿತಿಯನ್ನು ಅಲ್ಲಿನ ಪರಿಸರ ಪ್ರಾಧಿಕಾರ 2017ರಲ್ಲಿ 12,000ಕ್ಕೆ, 2018ರಲ್ಲಿ 9,500 ಟನ್‌ಗೆ ಇಳಿಸಬೇಕಾಯಿತು. ಪಂಜರದ ಮೀನಿನದ್ದಷ್ಟೇ ಪ್ರಶ್ನೆಯಲ್ಲ: ಆ ಹಿನ್ನೀರಿನ ತಳದಲ್ಲಿ ಬದುಕುವ ಮೋಜಿಯನ್ ಸ್ಕೇಟ್ ಎಂಬ ಅಪರೂಪದ ಮೀನು ಅಳಿವಿನ ಅಂಚಿಗೆ ಬಂದಿದೆ. ಈಗ ಬಾರ್ಜ್‌ನಿಂದ ಆಳಕ್ಕೆ ಆಮ್ಲಜನಕ ಸೇರಿಸಿದ ನೀರು ಪಂಪ್ ಮಾಡುವ ಪ್ರಯೋಗ ನಡೆದಿದೆ. ಅಂಥ ಜಾಗದಲ್ಲಿ ತಳದ ನೀರನ್ನು ಮೇಲೆತ್ತುವುದೆಂದರೆ ಮೀನಿಗೆ ಬಡಕಲು ನೀರನ್ನು ಕೈಯಾರೆ ಕುಡಿಸಿದಂತೆ.

ನಮ್ಮ ಕರಾವಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. ನೈಋತ್ಯ ಮುಂಗಾರಿನ ಕಾಲದಲ್ಲಿ ಮತ್ತು ಅದರ ಬೆನ್ನಿಗೆ, ವಿಶೇಷವಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಪಶ್ಚಿಮ ಕರಾವಳಿಯ ಉದ್ದಕ್ಕೂ ಆಮ್ಲಜನಕ ಬತ್ತಿದ ಆಳದ ನೀರು ತೀರದ ಕಡೆಗೆ ಏರಿ ಬರುತ್ತದೆ. ಅದರ ಮೇಲೆ ಮಳೆನೀರಿನ ತೆಳು ಪದರ ಮುಚ್ಚಳದಂತೆ ಕೂರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲೇ ಇದನ್ನು ದಾಖಲಿಸಿದ್ದಾರೆ. ನಾವು ಸಾಕುವ ಸೀಬಾಸ್, ಕೋಬಿಯಾ ಸಾಲ್ಮನ್ ಅಲ್ಲ, ಸೀಬಾಸ್ ಅದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ ಎಂಬುದೂ ನಿಜ. ಆದರೆ ನಾವು 9ರಿಂದಲ್ಲ, 6.2ರಿಂದ ಆರಂಭಿಸುತ್ತೇವೆ. 6 ಮೀಟರ್ ವ್ಯಾಸ, 4 ಮೀಟರ್ ಆಳದ ಪಂಜರದಲ್ಲಿ 113 ಘನ ಮೀಟರ್ ನೀರು. ಅದರಲ್ಲಿ 2 ಟನ್ ಮೀನು, ಕಿಲೋಗೆ ಗಂಟೆಗೆ 250 ಮಿಲಿಗ್ರಾಂ ಬಳಕೆ ಎಂದಿಟ್ಟರೆ ನಿಂತ ನೀರಿನಲ್ಲಿ ಅರ್ಧ ಗಂಟೆಗೆ 2 ಮಿಲಿಗ್ರಾಂಗೂ ಹೆಚ್ಚು ಇಳಿಯುತ್ತದೆ. ಪಂಜರ ಸಣ್ಣದಾದ್ದರಿಂದ ನೀರು ಬೇಗ ಬದಲಾಗುವುದು ನಮ್ಮ ಅನುಕೂಲ. ಅಳಿವೆಯಲ್ಲಿ ಹತ್ತಾರು ಪಂಜರಗಳನ್ನು ಹರಿವಿನ ಉದ್ದಕ್ಕೆ ಒಂದರ ಹಿಂದೊಂದು ಕಟ್ಟಿ ಆ ಅನುಕೂಲವನ್ನು ನಾವೇ ಕಳೆದುಕೊಳ್ಳುತ್ತೇವೆ, ಕೊನೆಯ ಪಂಜರಕ್ಕೆ ಉಳಿದವರ ಎಂಜಲು ನೀರೇ ಗತಿ. ಸಾಲನ್ನು ಹರಿವಿಗೆ ಅಡ್ಡವಾಗಿ ಕಟ್ಟಬೇಕು, ನಡುವೆ ಜಾಗ ಬಿಡಬೇಕು. ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದ ದಿನಗಳಲ್ಲಿ ಬೆಳಗಿನ ಜಾವ ಅಳೆಯಬೇಕು. ಸೆಪ್ಟೆಂಬರ್‌ನಲ್ಲಿ ತೆರೆದ ಕಡಲಿನ ಪಂಜರದ ಕೆಳಗಿನ ನೀರನ್ನು ಅಳೆದು ನೋಡದೆ ಮೇಲೆತ್ತಬಾರದು.

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ತೆರೆದ ಕಡಲಿನ ಪಂಜರವೊಂದಕ್ಕೆ 5 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಗಿದೆ. ಸಹಾಯಧನ ಪಡೆಯುವ ಪ್ರತಿ ಗುಂಪಿಗೂ ಆಮ್ಲಜನಕದ ಮೀಟರ್ ಒಂದನ್ನು ಕಡ್ಡಾಯ ಮಾಡಿ, ಅದನ್ನು ಹೊಂದಿಸುವ ತರಬೇತಿ ಕೊಟ್ಟು, ಬೆಳಗಿನ ಜಾವದ ಅಳತೆಯ ದಾಖಲೆಯನ್ನು ಮೀನುಗಾರಿಕೆ ಇಲಾಖೆ ಪರಿಶೀಲಿಸಬೇಕು. ಹೊಸ ಜಾಗಕ್ಕೆ ಅನುಮತಿ ಕೊಡುವ ಮೊದಲು ಸೆಪ್ಟೆಂಬರ್–ಅಕ್ಟೋಬರ್ ಸೇರಿದಂತೆ ಒಂದು ವರ್ಷದ, ಎಲ್ಲ ಆಳಗಳ ಅಂಕಿ ಕೇಳಬೇಕು. ಬೇಸಿಗೆಯ ಒಂದು ಹಗಲಿನ ಅಳತೆಯ ಮೇಲೆ ಯಾರಿಗೂ ಜಾಗ ತೋರಿಸಬಾರದು.

– ಪಂಜರ ಕೃಷಿಯ ನೀರಿನ ಗುಣಮಟ್ಟದ ಕೆಲಸದಲ್ಲಿರುವ ಓದುಗರು, ಕಾರವಾರ